ಫ್ರಿಜ್ ಬಾಗಿಲಿನ ರೋಟಾ

ಹೆಡಿಂಗ್ಲೀಯ ಆ ಬಾಡಿಗೆ ಮನೆಯಲ್ಲಿ ನನ್ನ ಪಕ್ಕದ ಕೋಣೆ ಧಾರವಾಡದ ಡಾಕ್ಟರಮ್ಮನದು. ಹೋಳಿಗೆ ತಿನ್ನಲು ಕರೆದರೂ ಫ್ರಿಜ್ ಬಾಗಿಲಿಗೆ ಅಂಟಿಸಿದ ಡ್ಯೂಟಿ ಪಟ್ಟಿಯತ್ತ ತಿರುಗಿ, “ರೋಟಾ ನೋಡಿ ಹೇಳ್ತೀನ್ರಿ” ಎನ್ನುತ್ತಿದ್ದರು. ನನ್ನ ಥೀಸಿಸ್ ಹತ್ತೊಂಬತ್ತನೇ ಶತಮಾನದ ಕೊನೆಯ ಅಮೆರಿಕದ ಕಾರ್ಮಿಕ ಸಂಘಗಳ ಬಗ್ಗೆ. ಹದಿಮೂರು ತಾಸು ದುಡಿದು ಬಂದ ಡಾಕ್ಟರಮ್ಮ ಶೂ ಬಿಚ್ಚುತ್ತ ಕೇಳುತ್ತಿದ್ದರು:

“ನಿಮ್ಮ ಅಮೆರಿಕದ ಮಂದಿಗೆ ಎಂಟ್ ತಾಸಿನ ಕೆಲಸ ಸಿಕ್ತೇನ್ರಿ?”

“ಇನ್ನೂ ಇಲ್ಲ ಮೇಡಂ. ಮೂರನೇ ಚಾಪ್ಟರ್‌ನಲ್ಲೂ ಒದೆ ತಿಂತಾನೇ ಇದಾರೆ.”

ಆ ವರ್ಷ ಕಿರಿಯ ಡಾಕ್ಟರುಗಳು ಮುಷ್ಕರ ಹೂಡಿದರು. ನಾನು ಚಹಾ ತೆಗೆದುಕೊಂಡು ಹೋದಾಗ ಡಾಕ್ಟರಮ್ಮ ಆಸ್ಪತ್ರೆಯ ಗೇಟಿನಲ್ಲಿ ಮುಷ್ಕರದ ಬೋರ್ಡು ಹಿಡಿದು ನಿಂತಿದ್ದರು. ಕಣ್ಣು ಮಾತ್ರ ವಾರ್ಡಿನ ಕಿಟಕಿಯ ಮೇಲೆ.

“ಮೂರನೇ ಬೆಡ್ಡಿನ ಅಜ್ಜಿನ್ನ ಯಾರ್ ನೋಡ್ತಾರ್ರಿ? ನಾ ಒಳಗ ಹೋಗಿ ಬರ್ತೀನಿ.”

ಬೋರ್ಡು ನನ್ನ ಕೈಗೆ ಬಂತು. ಅಷ್ಟರಲ್ಲಿ, ಅವತ್ತು ವಾರ್ಡು ನೋಡಿಕೊಳ್ಳುತ್ತಿದ್ದ ಹಿರಿಯ ಡಾಕ್ಟರು ಹೊರಗೆ ಬಂದು ಇಂಗ್ಲಿಷಿನಲ್ಲಿ ಹೇಳಿದರು: “ಅಜ್ಜಿ ಗಂಜಿ ಕುಡಿದು ಕೂತಿದ್ದಾರೆ. ಹಿಂದೆ ಬಟ್ಟೆ ಗಿರಣಿಯ ಯೂನಿಯನ್ನಿನಲ್ಲಿದ್ದವರಂತೆ. ನೀವು ಮುಷ್ಕರ ಮುರಿದು ಈ ಗೇಟು ದಾಟಿ ಬಂದರೆ ಮಾತಾಡಿಸುವುದಿಲ್ಲವಂತೆ.”

ಡಾಕ್ಟರಮ್ಮ ಉಸ್ಸೆಂದು ಉಸಿರುಬಿಟ್ಟು ಬೋರ್ಡನ್ನು ನನ್ನಿಂದ ವಾಪಸ್ ಇಸಿದುಕೊಂಡರು.

ಸಂಜೆ ಊಟಕ್ಕೆ ಕರೆದೆ. ಅವರು ಫ್ರಿಜ್ ಕಡೆ ತಿರುಗಲೇ ಇಲ್ಲ.

“ಏನ್ ಅಡಿಗಿ ಮಾಡೀರಿ?” ಎಂದರು.