ಸ್ನೂಕರ್ ಟೇಬಲ್ ಮೇಲೆ ಬಗಾರಾ ಅನ್ನ

ನಾನು ಸ್ನೂಕರ್ ಕಲಿಯಲು ಹೋದದ್ದು ನಲವತ್ತೆರಡನೇ ವಯಸ್ಸಿಗೆ. ಈಗಿನ ತೆಲಂಗಾಣದ ಗದ್ವಾಲದಲ್ಲಿ ಶಾಲಾ ಮಾಸ್ತರನಾಗಿದ್ದೆ, ಅಲ್ಲಿಯವರೆಗೆ ಆಡಿ ಗೊತ್ತಿದ್ದದ್ದು ಕೇರಂ ಒಂದೇ. ಕ್ಲಬ್ಬಿನಲ್ಲಿ ಟೇಬಲ್ ನೋಡಿಕೊಳ್ಳುತ್ತಿದ್ದ ಮುದುಕರನ್ನು ಎಲ್ಲರೂ ಮಾರ್ಕರ್ ಅನ್ನುತ್ತಿದ್ದರು. ನಾನು ಕಾಕಾ ಅನ್ನುತ್ತಿದ್ದೆ. ಮೊದಲ ಹದಿನೈದು ದಿನ ಅವರು ನನಗೆ ಕೆಂಪು ಬಾಲ್ ಮುಟ್ಟಲು ಬಿಡಲೇ ಇಲ್ಲ. ಬರೀ ಬಿಳಿ ಬಾಲ್. ಅದನ್ನು ಎದುರಿನ ಅಂಚಿಗೆ ಹೊಡೆಯಬೇಕು, ಅದು ನೆಟ್ಟಗೆ ತಿರುಗಿ ಬಂದು ನನ್ನ ಸ್ಟಿಕ್ಕಿನ ತುದಿಗೇ ತಾಗಬೇಕು.

"ಅಷ್ಟ್ಯಾಕ ಬಿಗಿ ಹಿಡೀತೀರಿ ಮಾಸ್ತರ್ರ, ಸ್ಟಿಕ್ ಏನು ಓಡಿ ಹೋಗತೈತೇನು? ಎಡಗೈ ಬೆರಳು ಅಗಲ ಮಾಡ್ರಿ. ಗದ್ದ ಸ್ಟಿಕ್ಕಿಗೆ ಹತ್ತಲಿ. ಹೊಡೆದ ಮ್ಯಾಲೆ ತಲಿ ಎತ್ತಬ್ಯಾಡ್ರಿ."

ದಿನಾ ಆಟಕ್ಕೆ ಮುಂಚೆ ಕಾಕಾ ಟೇಬಲ್ಲಿನ ಹಸಿರು ಬಟ್ಟೆಯನ್ನು ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಬಾಚುತ್ತಿದ್ದರು. ಚಹಾ ಹಿಡಿದು ಟೇಬಲ್ ಹತ್ತಿರ ಬಂದವರು ವಕೀಲರಾಗಿದ್ದರೂ ಬಯ್ಯುತ್ತಿದ್ದರು.

ತೆಲಂಗಾಣ ರಾಜ್ಯವಾದ ದಿನ ಬೆಳಿಗ್ಗೆ ನಾನೂ ಗುಲಾಲು ಹಚ್ಚಿಕೊಂಡು ಕುಣಿದೆ. ಪ್ರತ್ಯೇಕ ರಾಜ್ಯದ ಹೋರಾಟದಲ್ಲಿ ರಸ್ತೆಯ ಮೇಲೆ ಕೂತವನು ನಾನು. ಅದೇ ಖುಷಿಯಲ್ಲಿ ಮಧ್ಯಾಹ್ನ ಕ್ಲಬ್ಬಿಗೆ ಹೋದರೆ ಕಾರ್ಯದರ್ಶಿ ಎಲ್ಲರಿಗೂ ಊಟ ಇಡಿಸಿದ್ದ. ಸ್ನೂಕರ್ ಟೇಬಲ್ ಮೇಲೆ! ಒಲೆಯಿಂದ ಆಗಷ್ಟೇ ಇಳಿಸಿದ, ಮಸಾಲೆಯ ಬಗಾರಾ ಅನ್ನದ ಪಾತ್ರೆ ನೇರವಾಗಿ ಬಟ್ಟೆಯ ಮೇಲಿತ್ತು. ಪಕ್ಕದಲ್ಲಿ ಬದನೆಕಾಯಿ ಪಲ್ಯದ ಎಣ್ಣೆ ಹರಿದು ಬಾಲ್ ಬೀಳುವ ಪಾಕೆಟ್ಟಿಗೆ ಇಳಿಯುತ್ತಿತ್ತು. ಕಾಕಾ ಗೋಡೆಗೆ ಒರಗಿ ಸುಮ್ಮನೆ ನಿಂತಿದ್ದರು.

"ಯಾರಿಗೆ ಕೇಳಿ ಇಟ್ರಿ ಇದನ್ನ?" ಎಂದು ಕೂಗಿದೆ.

"ಇವತ್ತು ಎಂಥಾ ದಿನ ಐತಿ, ನೀವು ಬಟ್ಟಿ ಸಲುವಾಗಿ ಅಳಾಕ ಹತ್ತೀರಲ್ರೀ," ಕಾರ್ಯದರ್ಶಿ ನಕ್ಕ. "ರಾಜ್ಯನ ನಮ್ದು ಆಗೇತಿ, ಟೇಬಲ್ ಏನು ದೊಡ್ಡದು? ಊಟ ಮಾಡ್ರಿ."

"ನಮ್ದು ಆಗೇತಂದ್ರ ಹಾಳು ಮಾಡಾಕೇನ್ರೀ?"

ಪಾತ್ರೆ ಎತ್ತಲು ಹೋಗಿ ಬೆರಳು ಸುಟ್ಟುಕೊಂಡೆ. ಉಳಿದವರು ತಟ್ಟೆ ಹಿಡಿದು ನೋಡುತ್ತ ನಿಂತರು. ಕಾಕಾ ಒಬ್ಬರೇ ಬಂದು ಇನ್ನೊಂದು ಬದಿ ಹಿಡಿದರು. ಕೆಳಗೆ ಬಟ್ಟೆ ದುಂಡಗೆ ಸುಟ್ಟು ಕಂದಾಗಿತ್ತು. ಅದರ ಮೇಲೆ ಒಮ್ಮೆ ಕೈಯಾಡಿಸಿ, "ಹೋಗ್ಲಿ ಬಿಡ್ರಿ ಮಾಸ್ತರ್ರ," ಅಂದರು ಕಾಕಾ.

ಕಾರ್ಯದರ್ಶಿಯ ನಗುವಿಗಿಂತ ಆ ಮಾತಿಗೆ ನನಗೆ ಹೆಚ್ಚು ಸಿಟ್ಟು ಬಂತು. "ನಿಮ್ಮಂಥವರು ಸುಮ್ಮನಿದ್ದದ್ದಕ್ಕ ಇದೆಲ್ಲಾ ಆಗೂದು!" ಎಂದು ಎಲ್ಲರೆದುರು ಅವರನ್ನೇ ಬೈದೆ.

ಆ ಬಟ್ಟೆಯನ್ನು ಯಾರೂ ಬದಲಿಸಲಿಲ್ಲ. ಟೇಬಲ್ ಮೇಲೆ ಕುರ್ಚಿಗಳನ್ನು ಪೇರಿಸಿಟ್ಟರು. ನಾನು ಕ್ಲಬ್ ಬಿಟ್ಟೆ, ಕಾಕಾ ಹತ್ತಿರದ ಊರು ಐಜದಲ್ಲಿದ್ದ ಮಗಳ ಮನೆಗೆ ಹೋದರು. ಕಾರ್ಯದರ್ಶಿ ಈಗಲೂ ಎದುರಾದರೆ ನಮಸ್ಕಾರ ಅನ್ನುತ್ತಾನೆ, ನಾನು ಮುಖ ತಿರುಗಿಸುತ್ತೇನೆ. ಆದರೆ ಕಾಕಾನ ಕ್ಷಮೆ ಕೇಳದೆ ಉಳಿದ ನನ್ನ ಮೇಲೆ ಬರುವ ಸಿಟ್ಟಿಗೆ ಎಲ್ಲಿ ಮುಖ ತಿರುಗಿಸಲಿ? ಐಜದ ಬಸ್ಸು ದಿನಾ ನಮ್ಮ ಶಾಲೆಯ ಮುಂದೆಯೇ ಹೋಗುತ್ತಿತ್ತು. ನಾನು ಹತ್ತಲಿಲ್ಲ.