ಗೋಡೆಯಂಚಿನ ಕವಲುಗಳು

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಕವಲಕ್ಕ ಎಂದೇ ಕರೆಯುತ್ತಿದ್ದರು. ಸೀಸದ ಎರಡು ನ್ಯೂಕ್ಲಿಯಸ್‌ಗಳು ಅತಿ ವೇಗದಲ್ಲಿ ಡಿಕ್ಕಿ ಹೊಡೆದಾಗ 'ವಿಚಿತ್ರ' ಎಂಬ ಹೆಸರಿನ ಕಣಗಳು ಹುಟ್ಟುತ್ತವೆ. ಅವುಗಳಲ್ಲಿ ಕೆಲವು ಗುರುತೇ ಬಿಡದೆ ಸ್ವಲ್ಪ ದೂರ ಹೋಗಿ ಎರಡಾಗಿ ಒಡೆಯುತ್ತವೆ. ಆಗ ಪರದೆಯ ಮೇಲೆ ಒಂದು ಕವಲು ಮೂಡುತ್ತದೆ. ಅಂಥ ಕವಲುಗಳನ್ನು ಹೆಕ್ಕುವುದರಲ್ಲೇ ಅವಳ ಹರೆಯ ಕಳೆದಿತ್ತು. ಪ್ರೋಟಾನುಗಳ ಡಿಕ್ಕಿಯಲ್ಲಿ ಕಾಣುವ ಪ್ರಮಾಣಕ್ಕಿಂತ ಸೀಸದಲ್ಲಿ ಅವು ಹೆಚ್ಚು ಎಂದು ತೋರಿಸಿದರೆ ಅವಳ ಪ್ರಬಂಧ ಗೆದ್ದಂತೆ.

ಒಬ್ಬರು ಹೆಕ್ಕಿದ್ದನ್ನು ಇನ್ನೊಬ್ಬರು ಪರೀಕ್ಷಿಸುವುದು ಅಲ್ಲಿನ ರೂಢಿ. ಈ ಸಲದ ಸರದಿ ಅಲ್ಲೇ ಕೆಲಸ ಮಾಡುವ ಅವಳ ಗಂಡನದು. ಅವನು ಎಲ್ಲರೆದುರು ಪರದೆಯತ್ತ ಬೆರಳು ತೋರಿಸಿದ.

"ಇವೆಲ್ಲ ಚಿಮಟದ ಹಾಗೆ ಕಿರಿದಾಗಿವೆ. ಇರೋದೂ ಕಣಗಳು ಓಡೋ ಲೋಹದ ಕೊಳವೆಯ ಗೋಡೆ ಹತ್ರವೇ. ಬೆಳಕಿನ ಕಣ ಲೋಹಕ್ಕೆ ಬಡಿದು ಆದ ಕವಲುಗಳು ಇವು. ವಿಚಿತ್ರ ಕಣದ್ದಲ್ಲ."

ಅವಳ ಮುಖ ಸಪ್ಪಗಾಯಿತು. "ಇದನ್ನ ಮನೇಲೇ ಹೇಳಬಾರದಿತ್ತಾ ರೀ?"

"ಮನೇಲಿ ಲ್ಯಾಬಿನ ಮಾತೆತ್ತಿದ್ರೆ ಊಟ ಇಲ್ಲ ಅಂದವಳು ನೀನೇ ಅಲ್ವಾ?"

ಅವಳ ಪ್ರಬಂಧಕ್ಕೆ ಮಾರ್ಗದರ್ಶಕರಾದ ಮೇಷ್ಟ್ರು ಕೆಮ್ಮಿನಲ್ಲಿ ನಗು ಮರೆಸಿದರು. "ಏನ್ಮಾಡ್ತೀಯಮ್ಮ ಈಗ?"

"ತೆಗೀತೀನಿ ಸರ್, ಎಲ್ಲಾನೂ."

ಮಧ್ಯಾಹ್ನವಿಡೀ ಕಿರಿದಾದ ಕವಲುಗಳನ್ನು ತೆಗೆದಳು. ಒಂದೊಂದು ಹೋದಾಗಲೂ ಪ್ರಬಂಧವೇ ಕೈಜಾರಿದಂತೆ ಅನಿಸುತ್ತಿತ್ತು. ಗಂಡ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ. ಅವಳು ಬೇಡ ಅನ್ನಲಿಲ್ಲ.

ಸಂಜೆ ಹೊಸ ನಕ್ಷೆ ಬಂತು. ಸೀಸದ ಗೆರೆ ಮೊದಲಿಗಿಂತ ತಗ್ಗಿತ್ತು, ಆದರೂ ಪ್ರೋಟಾನಿನ ಗೆರೆಗಿಂತ ಮೇಲಿತ್ತು.

"ಕುಳ್ಳಗಾಗಿದೆ," ಎಂದಳು ಮೆಲ್ಲಗೆ. "ಆದ್ರೆ ನಿಂತಿದೆ ರೀ."