ಡೀಸೆಲ್ ಟ್ಯಾಂಕಿಗೆ ಬಟ್ಟೆ ಸೋಪು

ಕಾಮಸಮುದ್ರದಾಚೆಯ ಮಣ್ಣುದಾರಿಯಲ್ಲಿ ಕಲ್ಲು ತಗುಲಿ ನನ್ನ ಜೀಪಿನ ಡೀಸೆಲ್ ಟ್ಯಾಂಕ್ ಸೀಳಿತು. ಹಿಂದಿನ ಸೀಟಿನಲ್ಲಿ ತಂಗಿ ಹೆರಿಗೆ ನೋವಿನಿಂದ ನರಳುತ್ತಿದ್ದಳು. ಡೀಸೆಲ್ ಸೋರುವುದನ್ನು ಕಂಡು ಸಹಾಯಕ್ಕಾಗಿ ಕೂಗಿಕೊಂಡೆ. ಪಕ್ಕದ ಕುಂಟೆಯ ನೀರಿನಲ್ಲಿ ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬರು ಬಂದವರೇ ಜೀಪಿನಡಿ ತೂರಿ, ಕೈಯಲ್ಲಿದ್ದ ಸೋಪನ್ನು ಸೀಳಿಗೆ ಒತ್ತಿ ಒತ್ತಿ ತಿಕ್ಕಿದರು. ಸೋರುವುದು ನಿಂತೇಹೋಯಿತು!

"ಇದೆಂಗೆ ಗೊತ್ತಜ್ಜಿ ನಿಮಗೆ?" ಎಂದೆ.

"ನಮ್ ಸೀಮೆಣ್ಣೆ ಸ್ಟವ್ ತೂತಾದಾಗ ಇಂಗೇ ಮಾಡ್ತಿದ್ದೆ ಕಣಪ್ಪಾ. ಸೀಮೆಣ್ಣೆಗೆ ಕರಗದ್ದು ಡೀಸೆಲ್‌ಗೆ ಕರಗ್ತದಾ? ಮೊದ್ಲು ಆಯಮ್ಮನ್ನ ಆಸ್ಪತ್ರೆಗೆ ಸೇರ್ಸು, ಓಗು!"

ಬಂಗಾರಪೇಟೆ ಆಸ್ಪತ್ರೆ ತಲುಪಿದ ಅರ್ಧ ಗಂಟೆಗೆ ಹೆಣ್ಣುಮಗು ಹುಟ್ಟಿತು.

ಮುಂದಿನ ವಾರ ಅಜ್ಜಿಯ ಮನೆ ಹುಡುಕಿಕೊಂಡು ಹೋದೆ. ಹತ್ತು ವರ್ಷದಿಂದ ಗಾಡಿ ಓಡಿಸುವ ನನಗೆ ಇನ್ನೂ ಏನೇನು ಗೊತ್ತಿಲ್ಲವೋ, ಕೇಳಿ ತಿಳಿಯಬೇಕಿತ್ತು.